ಹೊಂಗೆಯ ಕೆಳಗೆ ಸಿಗದ ಉಪಗ್ರಹ

ಹೊಂಗೆ ಮರದ ಕೆಳಗೆ ನಿಂತು ನಾನು ಜಿಪಿಎಸ್ ಯಂತ್ರವನ್ನು ಅಂಗೈ ಮೇಲಿಟ್ಟುಕೊಂಡು ಆಕಾಶಕ್ಕೆ ತೋರಿಸುತ್ತಿದ್ದೆ, ಊಟ ಮಾಡದ ಕೂಸಿಗೆ ಚಂದಮಾಮನನ್ನು ತೋರಿಸುವವರ ಹಾಗೆ. ಆಕಾಶವಾದರೂ ಎಲ್ಲಿತ್ತು? ತಲೆಯ ಮೇಲೆ ಎಲೆ, ಎಲೆಯ ಮೇಲೆ ಎಲೆ. ಉಪಗ್ರಹಗಳನ್ನು ಹುಡುಕುತ್ತಿರುವುದಾಗಿ ಹೇಳುವ ಸಾಲೊಂದು ಪರದೆಯಲ್ಲಿ ಮಿನುಗುತ್ತಿತ್ತು. ಬಹಳ ಹೊತ್ತಿನಿಂದ ಅದೊಂದೇ ಸಾಲು.

“ಬಂದ್ವಾ ಮಗ?” ಎಂದರು ಮರಿತಾಯಮ್ಮ.

“ಇನ್ನೂ ಇಲ್ಲ ಅಜ್ಜಿ.”

“ಬರ್ಲಿ ಬುಡು. ನಾನೇನ್ ಓಡೋಗಕಿಲ್ಲ.”

ಅವರು ನೆಲದಿಂದ ಮೇಲೆದ್ದಿದ್ದ ಬೇರಿನ ಮೇಲೆ ಕೂತಿದ್ದರು. ಮಡಿಲಲ್ಲಿ ಒಂದು ಹಿಡಿ ಕಾಕಡ ಹೂವು. ಪಕ್ಕದಲ್ಲಿ ಸ್ಟೀಲ್ ಚೊಂಬು, ಅದರಲ್ಲಿ ಹಾಲು, ಬಾಯಿಗೆ ಮುತ್ತುಗದ ಎಲೆ.

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಾರೆ. ಅದಕ್ಕೂ ಮೊದಲು, ಹೊಸ ಗಡಿಯೊಳಗೆ ಏನೇನು ಬೀಳುತ್ತದೆಂದು ಗುರುತು ಹಾಕುವುದು ನಮ್ಮ ಸರ್ವೆ ಕಂಪನಿಯ ಕೆಲಸ. ಮರವಾದರೆ ಕಾಂಡದ ಮೇಲೆ ನಂಬರು ಬರೆದರೆ ಮುಗಿಯಿತು. ಸಮಾಧಿಯ ಗುಡ್ಡೆಗಳು ಹಾಗಲ್ಲ. ಇಲ್ಲಿ ನಮ್ಮವರನ್ನು ಮಣ್ಣು ಮಾಡಿದ್ದೇವೆ ಎಂದು ಮನೆಯವರು ತೋರಿಸಿದರೆ, ಅದೇ ಜಾಗದಲ್ಲಿ ನಿಂತು ಯಂತ್ರದಲ್ಲಿ ಬಿಂದು ಉಳಿಸಬೇಕು. ಉಳಿಸಿದರೆ, ಮನೆಯವರು ಅಲ್ಲಿಯ ಮಣ್ಣನ್ನು ತೆಗೆದು ಬೇರೆಡೆ ಇಟ್ಟುಕೊಳ್ಳುವವರೆಗೆ ಜೆಸಿಬಿ ಅತ್ತ ಸುಳಿಯುವಂತಿಲ್ಲ. ಉಳಿಸದಿದ್ದರೆ ಅದು ಬರಿಯ ನೆಲ. ಹೊಂಗೆಹುಂಡಿ ಊರಿನಲ್ಲಿ ಅಂದು ನಮ್ಮ ಕೊನೆಯ ದಿನ.

ಮರಿತಾಯಮ್ಮ ತೋರಿಸಲು ಬಂದಿದ್ದು ತಮ್ಮ ಚೊಚ್ಚಲು ಮಗಳ ಜಾಗವನ್ನು. ಐವತ್ತು ವರ್ಷಗಳ ಹಿಂದೆ ಹುಟ್ಟಿ, ಹೆಸರಿಡುವ ಮೊದಲೇ ಹೋದ ಕೂಸು. ಅಲ್ಲಿ ಕಲ್ಲಿರಲಿಲ್ಲ, ದಿಬ್ಬವಿರಲಿಲ್ಲ. ಹೊಂಗೆಯ ಉದುರೆಲೆ ಮಾತ್ರ.

“ಮಣ್ಣು ಮಾಡಿದ್ದನ್ನ ನೀವೇ ನೋಡಿದ್ರಾ ಅಜ್ಜಿ?” ಎಂದು ಕೇಳಿದೆ.

“ಎಲ್ಲಿ ನೋಡಕ್ ಬುಟ್ಟಾರು! ಅಸಿ ಬಾಣಂತಿ ನಾನು. ಗಂಡಸ್ರೇ ಎತ್ಕೊಂಡೋದ್ರು. ಎತ್ತವ್ಳಿಗೆ ಜಾಗ ಏಳ್ಬಾರ್ದು ಕಣವ್ವ. ಏಳುದ್ರೆ ಅವ್ಳು ಓಗಿ ಅಲ್ಲೇ ಕುಂತ್ಕತಾಳೆ, ಮಡ್ಲು ಮತ್ತೆ ತುಂಬಕಿಲ್ಲ ಅಂತ. ನಮ್ಮೋರ ಕಟ್ಟು ಅದು.”

“ಮತ್ತೆ ನಿಮಗೆ ಹೆಂಗೆ ಗೊತ್ತಾಯ್ತು?”

ಅವರ ಮುಖದಲ್ಲಿ ಕಳ್ಳ ನಗೆಯೊಂದು ಮೂಡಿತು. “ನಮ್ಮತ್ತೆ ಬಾಯ್ಬುಟ್ಟು ಏಳ್ನಿಲ್ಲ. ‘ಒಂಗೆ ಮರದ್ ತಾವ್ಕೆ ಓಗ್ಬ್ಯಾಡ ಕಣೇ’ ಅಂದ್ಲು, ಅಷ್ಟೆಯ. ಬ್ಯಾಡ ಅಂದ್ರಲ್ವಾ ಗೊತ್ತಾಗದು? ಅವತ್ತಿಂದ ಅಮಾಸೆ ಅಮಾಸೆಗೂ ಬಂದು ಒಂದ್ ತೊಟ್ಟು ಆಲು ಉಯ್ತೀನಿ. ಮದ್ಲು ಕದ್ದು ಬತ್ತಿದ್ದೆ. ಮಾದೇಸ ಉಟ್ಟಿದ್ ಮ್ಯಾಲೆ ಯಾರೂ ಏನೂ ಅನ್ನಿಲ್ಲ.”

ಮಾದೇಶ ಅವರ ಎರಡನೆಯ ಕೂಸು. ಈಗ ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ, ಅಂದು ಶಿಫ್ಟಿಗೆ ಹೋಗಿದ್ದ. ಹಿರಿಯರೊಬ್ಬರು ಜೊತೆಗಿದ್ದು ಹೌದೆನ್ನಬೇಕೆಂಬ ನಿಯಮವಿದ್ದುದರಿಂದ ಮೈದುನ ದೊಡ್ಡಸಿದ್ದಯ್ಯನವರಿಗೆ ಬೆಳಿಗ್ಗೆಯೇ ಹೇಳಿ ಕಳಿಸಿದ್ದರು. ಇನ್ನೂ ಬಂದಿರಲಿಲ್ಲ.

ಯಂತ್ರವೂ ಅಷ್ಟೇ ನಿಧಾನ. ದಿನವೂ ಬಳಸುತ್ತಿದ್ದುದು ಕೆಟ್ಟಿದ್ದರಿಂದ ಅಂದು ಬೆಳಿಗ್ಗೆ ತಂದಿದ್ದ ಹಳದಿ ಬಣ್ಣದ ಹಳೆಯ ಯಂತ್ರ ಅದು, ತಿಂಗಳುಗಟ್ಟಲೆ ಗೋದಾಮಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಬಹಳ ದಿನ ಮಲಗಿದರೆ ತಾನೆಲ್ಲಿದ್ದೆ, ಆಕಾಶದಲ್ಲಿ ಯಾವುದು ಎಲ್ಲಿತ್ತು ಎಂಬುದೆಲ್ಲ ಅದಕ್ಕೆ ಮರೆತುಹೋಗುತ್ತದೆ. ಮತ್ತೆ ಮೊದಲಿನಿಂದ ಒಂದೊಂದನ್ನೇ ಹುಡುಕಿಕೊಳ್ಳಬೇಕು. ಪರದೆಯಲ್ಲಿ ಒಂದು ಉಪಗ್ರಹದ ಗೆರೆ ಏಳುತ್ತಿತ್ತು, ಇನ್ನೊಂದು ಏಳುವಷ್ಟರಲ್ಲಿ ಮೊದಲನೆಯದು ಮಲಗುತ್ತಿತ್ತು.

“ಏನು ಉಡುಕ್ತಾ ಅದೆ ಅದು?”

ಮುಡುಕುತೊರೆಯ ನನ್ನ ಅಜ್ಜಿ ಹೇಳುತ್ತಿದ್ದ ಕಥೆಯೊಂದಿದೆ. ಆಕಾಶದಲ್ಲಿ ಅಕ್ಕತಂಗಿಯರು ನೂಲು ಹಿಡಿದು ಕೂತಿರುತ್ತಾರೆ, ನೂಲಿನ ತುದಿ ಭೂಮಿಯ ಒಂದೊಂದು ಮಗುವಿನ ಕಿರುಬೆರಳಿಗೆ ಕಟ್ಟಿರುತ್ತದೆ, ಮಗು ದಾರಿ ತಪ್ಪಿ ಅತ್ತರೆ ಮೇಲಿನವರು ನೂಲು ಅಳೆದು ಇಂಥಲ್ಲಿದೆ ಎಂದು ತಾಯಿಯ ಕನಸಿಗೆ ಹೇಳುತ್ತಾರೆ. ಕೆಲಸಕ್ಕೆ ಸೇರಿದಾಗ, ನಾಲ್ಕು ಉಪಗ್ರಹಗಳಿಂದ ದೂರ ಅಳೆದರೆ ನಾವಿರುವ ಜಾಗ ಗೊತ್ತಾಗುತ್ತದೆ ಎಂದು ಕಲಿಸಿದರು. ಅಜ್ಜಿಯ ಕಥೆಯನ್ನೇ ಮೇಷ್ಟರ ದನಿಯಲ್ಲಿ ಕೇಳಿದಂತಾಯಿತು. ಅದನ್ನೇ ಮರಿತಾಯಮ್ಮನವರಿಗೂ ಹೇಳಿದೆ.

“ಅಗಲೊತ್ತೂ ಇರ್ತಾವಾ ಮೇಲೆ?”

“ಇರ್ತಾವೆ ಅಜ್ಜಿ. ಕಾಣಲ್ಲ ಅಷ್ಟೆ.”

“ಕಾಣ್ದೆವೋದ್ರೂ ಇರ್ತಾವೆ,” ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಬೇರಿನ ಮೇಲಿನ ಇರುವೆಯೊಂದನ್ನು ನೋಯದಂತೆ ಬೆರಳಿಂದ ಸರಿಸಿದರು.

“ನಮ್ ಕವಲಂದೆ ಬಸ್ ಇದ್ದಂಗೆ ಅನ್ನು. ಅವೆ ಅಂತಾರೆ, ಬರಾಕಿಲ್ಲ.” ದೊಡ್ಡಸಿದ್ದಯ್ಯ ಬದುವಿನ ಮೇಲಿಂದ ಬರುತ್ತಿದ್ದರು. ಹೆಗಲ ಮೇಲೆ ಟವಲು, ತೆಳ್ಳನೆಯ ಮೈ, ಎಪ್ಪತ್ತರ ಆಸುಪಾಸು.

“ನೀನ್ ಬಂದಂಗೇಯ,” ಎಂದರು ಮರಿತಾಯಮ್ಮ. “ಒತ್ತಾರೆ ಏಳ್ಕಳ್ಸುದ್ರೆ ಈಗ ಬತ್ತಾವನೆ. ಮದ್ವೆ ಗಂಡು.”

“ಎಮ್ಮೆಗೆ ಉಲ್ಲಾಕ್ಬೇಕಿತ್ತು ಅತ್ಗೆ.”

“ನಿನ್ನೆ ಕರುದ್ರೂ ಎಮ್ಮೆ, ಇವತ್ತು ಕರುದ್ರೂ ಎಮ್ಮೆ. ಎಮ್ಮೆಗೇ ತಾಳಿ ಕಟ್ಟಿದ್ದೀಯಾ?”

ಅವರು ನಗಲಿಲ್ಲ. ಅತ್ತಿಗೆಯ ಮಡಿಲಲ್ಲಿದ್ದ ಹೂವು, ಚೊಂಬು ಎರಡನ್ನೂ ನೋಡಿ ಟವಲಿನಿಂದ ಮುಖ ಒರೆಸಿಕೊಂಡರು.

“ಇದೇ ಜಾಗ ಅಲ್ವಾ ಯಜಮಾನ್ರೆ?” ಎಂದೆ.

“ಊಂ,” ಎಂದರು. ಆ ‘ಊಂ’ನಲ್ಲಿ ಹೌದೂ ಇರಲಿಲ್ಲ, ಇಲ್ಲವೂ ಇರಲಿಲ್ಲ.

ನಾನು ಯಂತ್ರವನ್ನು ಬಯಲಿಗೆ ಒಯ್ದು, ಅಲ್ಲಿ ಉಪಗ್ರಹಗಳು ಸಿಕ್ಕ ಮೇಲೆ ಮರದಡಿಗೆ ತರುವುದೆಂದು ಯೋಚಿಸಿದೆ. ಹಾಗೆ ಮಾಡಿದರೆ ಕೆಲವೊಮ್ಮೆ ಹಿಡಿತ ಉಳಿಯುತ್ತದೆ. ಹತ್ತಿರದಲ್ಲಿ ತೆರೆದ ಆಕಾಶವಿದ್ದುದು ರಸ್ತೆಯ ಮೇಲೆಯೇ. ನಾನು ಬದು ದಾಟಿ ಟಾರಿನ ಮೇಲೆ ಹೋಗಿ ನಿಂತೆ. ದೂರದಲ್ಲಿ, ಮೋರಿಯ ಆಚೆ, ನಮ್ಮ ಸೂಪರ್‌ವೈಸರ್ ಮಹೇಂದ್ರ ಜೀಪಿನಲ್ಲಿ ಕಾಯುತ್ತಿದ್ದರು. ಗೆರೆಗಳು ಒಂದರ ಹಿಂದೊಂದು ಎದ್ದವು. ಮರದಡಿ ಅಷ್ಟು ಹೊತ್ತು ಸತಾಯಿಸಿದ್ದು ಇಲ್ಲಿ ಬಸ್ಸೊಂದು ಹಾದುಹೋಗುವಷ್ಟರಲ್ಲಿ ಬಂದುಬಿಟ್ಟಿತು. ಮೂರು ಮೀಟರಿನೊಳಗೆ ನಿಖರ ಎಂದು ತೋರಿಸಿತು.

ಹಿಂದೆ ಹೆಜ್ಜೆಯ ಸದ್ದಾಯಿತು. ದೊಡ್ಡಸಿದ್ದಯ್ಯ ನನ್ನ ಹಿಂದೆಯೇ ಬಂದಿದ್ದರು. ಟಾರಿನ ಅಂಚಿನಲ್ಲಿ ನಿಂತರು, ಮೇಲೆ ಕಾಲಿಡಲಿಲ್ಲ.

“ಅವ್ವ, ಮರದ್ ತಾವ ಇಲ್ಲ ಅದು.”

“ಏನಿಲ್ಲ?”

“ಕೂಸು.” ಅವರು ನನ್ನನ್ನು ನೋಡದೆ ಟಾರನ್ನು ನೋಡುತ್ತಾ ಹೇಳಿದರು. “ಆವಾಗ ಇದು ಗಾಡಿ ಜಾಡು. ಇಲ್ಲೊಂದ್ ಬಸ್ರಿ ಮರ ಇತ್ತು. ಅದ್ರ ಬುಡ್ದಲ್ಲಿ ನಾನೂ ನಮ್ಮಣ್ಣನೂ ಗುಂಡಿ ತಗ್ದೊ. ಆಮೇಕೆ ರೋಡು ಬಂತು, ಬಸ್ರಿ ಕಡುದ್ರು. ಜಲ್ಲಿ ಉಯ್ಯಕ್ಕೆ ಕೂಲಿಗೋಗಿದ್ದೋನೂ ನಾನೇಯ.”

“ಹೊಂಗೆ ಮರದ ಹತ್ತಿರ ಹೋಗಬೇಡ ಅಂತ ಅವರ ಅತ್ತೆ...”

“ಬಾಣಂತಿ ಅಲ್ವಾ. ಗಾಳಿ ಸೋಕ್ತದೆ ಅಂತ ನಮ್ಮವ್ವ ಅಂದಿದ್ದು. ಅತ್ಗೆ ಅದ್ನೇ ಇಡ್ಕತು. ಆಲ್ ತಗೊಂಡ್ ಓಯ್ತಾ ಇದ್ರೆ ಅಮಾಸೆ ಅಮಾಸೆಗೂ ಕಾಣದು ನನ್ಗೆ. ಏನಂತ ಏಳ್ಲಿ? ಏಳ್ಬಾರ್ದು ಅಂತ ಕಟ್ಟು. ಆಮೇಕೆ... ಏಳಕ್ಕೆ ಮಕ ಇಲ್ದಂಗಾಯ್ತು.”

“ಈಗ ಸರಿಯಾದ ಜಾಗ ತೋರಿಸ್ತೀರಾ?”

ಅವರು ಅಂಚಿನಲ್ಲೇ ಆಚೀಚೆ ನಡೆದರು. ಮೈಲಿಗಲ್ಲಿನ ಕಡೆ ಕೈ ತೋರಿದರು, ಇಳಿಸಿದರು, ತಿರುವಿನ ಕಡೆ ನೋಡಿದರು. “ಇಲ್ಲೋ... ಅಲ್ಲೋ... ಮರ ಇದ್ದಿದ್ರೆ ಏಳ್ಬೌದಿತ್ತು.” ನಾನು ನಿಂತ ಜಾಗ ಯಂತ್ರಕ್ಕೆ ಚೆನ್ನಾಗಿ ಗೊತ್ತಿತ್ತು. ಅದನ್ನು ಇಟ್ಟುಕೊಂಡು ಏನು ಮಾಡಲಿ?

“ಮರದ್ ತಾವ್ಲೇ ಒತ್ಬುಡು ಮಗ,” ಎಂದರು ಅವರು. “ಅತ್ಗೆಗೆ ಅಷ್ಟು ಸಾಕು.”

“ಏನ್ಲಾ ಅದು ಗುಸುಗುಸು?” ಮರದ ಕೆಳಗಿಂದ ಮರಿತಾಯಮ್ಮ ಕೂಗಿದರು. “ಸರ್ಕಾರದ್ ಎಣ್ಣಿಗೆ ಎಮ್ಮೆ ಕತೆ ಏಳ್ತಾ ಇದ್ದೀಯಾ?”

ನಾವಿಬ್ಬರೂ ಮರಳಿ ಬಂದೆವು. ದೊಡ್ಡಸಿದ್ದಯ್ಯ ಕೂರಲೂ ಇಲ್ಲ, ಸರಿಯಾಗಿ ನಿಲ್ಲಲೂ ಇಲ್ಲ. ಮರಿತಾಯಮ್ಮ ಅವರ ಮುಖವನ್ನೇ ನೋಡುತ್ತಿದ್ದರು. ಮುಖದ ಮೇಲಿದ್ದ ನಗು ಹಾಗೇ ಇತ್ತು, ತೆಗೆಯಲು ಮರೆತವರಂತೆ.

“ಸಿದ್ದ. ಎಲ್ಲಿ ಮಡುಗುದ್ರಿ?”

ದೊಡ್ಡಸಿದ್ದಯ್ಯ ಟವಲು ಹಿಡಿದ ಕೈಯನ್ನು ಎತ್ತಿ ರಸ್ತೆಯ ಕಡೆ ಚಾಚಿದರು.

ಅಷ್ಟು ಹೊತ್ತಿಗೆ ಅಲ್ಲೊಂದು ಟ್ರ್ಯಾಕ್ಟರು ಕಬ್ಬು ತುಂಬಿಕೊಂಡು ಹೋಯಿತು. ಅದು ತಿರುವು ದಾಟಿ ಮರೆಯಾಗುವವರೆಗೂ ಮರಿತಾಯಮ್ಮ ನೋಡಿದರು.

“ರೋಡಲ್ಲಾ?”

“ಊಂ ಅತ್ಗೆ.”

“ಮಲ್ಗಿರೋ ಮಗೀನ ದಾಟ್ಬಾರ್ದು ಅಂತಾರೆ,” ಎಂದರು ಅವರು. ದನಿ ಏರಲಿಲ್ಲ. “ಕೇರಿ ಎಣ್ಮಕ್ಳಿಗೆಲ್ಲ ನಾನೇ ಬೈತಿದ್ದೆ, ದಾಟ್ಬ್ಯಾಡ್ರೇ, ಮಗ ಬೆಳ್ಯಾಕಿಲ್ಲ ಅಂತ. ನೀರಿಗೋಯ್ತಾ ದಾಟ್ದೆ. ಸೌದೆ ಒತ್ಕಂಡು ದಾಟ್ದೆ. ಮಾದೇಸನ್ನ ಸೊಂಟದ್ ಮ್ಯಾಲೆ ಕುಂಡ್ರುಸ್ಕಂಡು ದಾಟ್ದೆ. ಇಲ್ಲಿಗ್ ಆಲ್ ತತ್ತಿದ್ನಲ್ಲ, ಅದುಕ್ಕೂ ಅದ್ನೇ ದಾಟ್ಕಂಡ್ ಬಂದೆ.”

ದೊಡ್ಡಸಿದ್ದಯ್ಯ ಕುಕ್ಕರಿಸಿ ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡರು.

ನನ್ನ ಫೋನು ಹೊಡೆದುಕೊಂಡಿತು. ಮಹೇಂದ್ರ. “ಶಾಲಿನಿ, ಎಷ್ಟೊತ್ತಮ್ಮ? ಸಿಗ್ನಲ್ ಬರ್ಲಿಲ್ಲ ಅಂದ್ರೆ ಮರ ಅಂತ ನಂಬರ್ ಹಾಕಿ ಬಂದ್ಬಿಡು.”

“ಸ್ವಲ್ಪ ಇರಿ ಸಾ,” ಎಂದು ಇಟ್ಟೆ. ಆಮೇಲೆ ಹೇಳಲೇಬೇಕಾದುದನ್ನು ಹೇಳಿದೆ. “ಈಗಿರೋ ರಸ್ತೆ ಅಡೀಲಿ ಇರೋದು ನಮ್ಮ ಗುರುತಿಗೆ ಬರಲ್ಲ ಅಜ್ಜಿ. ಅದನ್ನ ಅಗೆಯೋಕೆ ಬಿಡಲ್ಲ.”

ಅವರು ಒಪ್ಪಿದವರಂತೆ ತಲೆಯಾಡಿಸಿದರು. ಬೇರಿನ ಸಂದಿಯಲ್ಲಿ ಬೆರಳಾಡಿಸುತ್ತಾ ಕೂತರು. ಆಮೇಲೆ ಅಂದರು:

“ಇಲ್ಲೇ ಬರ್ಕೊ.”

“ಸುಳ್ಳಾಯ್ತದೆ ಅತ್ಗೆ,” ಎಂದರು ದೊಡ್ಡಸಿದ್ದಯ್ಯ ಟವಲಿನೊಳಗಿಂದ.

“ನೀನ್ ಇಷ್ಟ್ ವರ್ಸ ಬಾಯ್ ಮುಚ್ಕಂಡಿದ್ದಲ್ಲ, ಅದು ನಿಜ್ವಾ?” ಮರಿತಾಯಮ್ಮ ಅಂಗೈಯನ್ನು ನೆಲಕ್ಕೆ ಊರಿದರು. “ಉಯ್ದಿರೋ ಆಲೆಲ್ಲ ಇಲ್ಲೇ ಅದೆ ಕಣ್ಲಾ. ಅತ್ತಿರೋದೂ ಇಲ್ಲೇಯ. ಅಲ್ಲಿ ಟಾರ್ ಬುಟ್ರೆ ಇನ್ನೇನದೆ? ಮಗೀನಂತೂ ಕೊಡಾಕಿಲ್ಲ, ಈ ಮರಾನೂ ಉರುಳುಸ್ತಾರೆ. ಈ ಮಣ್ಣಾದ್ರೂ ನನ್ ಕೈಗೆ ಕೊಡಿ.”

ನಾನು ಯಂತ್ರವನ್ನು ಅವರು ಕೂತಿದ್ದ ಬೇರಿನ ಪಕ್ಕದಲ್ಲಿ, ಹಾಲು ಉಯ್ಯುವ ಜಾಗದ ಮೇಲೆ ಹಿಡಿದೆ. ಬಯಲಲ್ಲಿ ಸಿಕ್ಕಿದ್ದ ಗೆರೆಗಳು ಎಲೆಗಳ ಕೆಳಗೆ ಒಂದೊಂದಾಗಿ ಕುಗ್ಗಿದವು. ಐದು ಉಳಿದವು, ನಾಲ್ಕಾಯಿತು, ಮೂರಾಯಿತು. ಮತ್ತೆ ಹುಡುಕಾಟ. ನಾವು ಮೂವರೂ ಕಾದೆವು. ಗಾಳಿ ಬಂದಾಗ ಎಲೆಗಳು ಸರಿದು ಎಲ್ಲೋ ಒಂದು ಕಿಂಡಿ ತೆರೆಯಿತು. ನಾಲ್ಕನೆಯ ಗೆರೆ ಎದ್ದಿತು, ನಡುಗಿತು, ನಿಂತಿತು.

ಬಿಂದು ಬಂತು. ಅದರ ಸುತ್ತ ದೊಡ್ಡದೊಂದು ವೃತ್ತವೂ ಬಂತು. ನಿಜವಾದ ಜಾಗ ಇದರೊಳಗೆ ಎಲ್ಲಾದರೂ ಇರಬಹುದು, ನಲವತ್ತು ಮೀಟರು ಆಚೀಚೆ, ಎಂದು ಅದರ ಅರ್ಥ. ಇಷ್ಟು ಅಂದಾಜಿನ ಬಿಂದುವನ್ನು ನಮ್ಮಲ್ಲಿ ಒಪ್ಪುವುದಿಲ್ಲ, ಅಳಿಸಿ ಮತ್ತೆ ಹಿಡಿಯಬೇಕು. ವೃತ್ತದ ಅಂಚು ಬದುವನ್ನು ದಾಟಿ ರಸ್ತೆಯ ಗೆರೆಯ ಮೇಲೂ ಬಿದ್ದಿತ್ತು. ನಾನು ಅದನ್ನು ನೋಡಿದೆ. ಉಳಿಸುವ ಗುಂಡಿ ಒತ್ತಿದೆ. ಆಫೀಸಿನಲ್ಲಿ ಕೇಳಿದರೆ ಕೇಳಲಿ.

“ಬಂತಾ?”

“ಬಂತು ಅಜ್ಜಿ.”

ಮರಿತಾಯಮ್ಮ ಚೊಂಬಿನ ಎಲೆ ತೆಗೆದು ಹಾಲನ್ನು ಉಯ್ದರು, ಯಾವತ್ತೂ ಉಯ್ಯುತ್ತಿದ್ದ ಜಾಗಕ್ಕೇ. ಹೂವು ಇಟ್ಟರು. ಎದ್ದು ಸೀರೆ ಕೊಡವಿಕೊಂಡರು.

ಅವರ ಮನೆ ರಸ್ತೆಯಾಚೆಗೆ. ಬದುವಿನವರೆಗೆ ಬಂದವರು ಟಾರಿನ ಅಂಚಿನಲ್ಲಿ ನಿಂತುಬಿಟ್ಟರು. ಮೈಲಿಗಲ್ಲಿನ ಕಡೆ ನೋಡಿದರು, ತಿರುವಿನ ಕಡೆ ನೋಡಿದರು. ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಕಾಲಿಡಬಹುದಾದ ಜಾಗ ಎಲ್ಲಿಯೂ ಇರಲಿಲ್ಲ. ಎತ್ತಿದ ಕಾಲನ್ನು ಹಿಂದಕ್ಕಿಟ್ಟುಕೊಂಡರು. ಆಮೇಲೆ ರಸ್ತೆಯ ಪಕ್ಕದ ಚರಂಡಿಗಿಳಿದು, ರಸ್ತೆಯಡಿ ಹಾದು ಆಚೆಗೆ ಹೋಗುವ ಮೋರಿಯ ಕಡೆ ನಡೆಯತೊಡಗಿದರು.

“ಅತ್ಗೆ, ಮುಳ್ಳದೆ ಅಲ್ಲಿ, ಆವು ಇರ್ತದೆ,” ಎನ್ನುತ್ತಾ ದೊಡ್ಡಸಿದ್ದಯ್ಯ ಹಿಂದೆ ಓಡಿದರು. ಮರಿತಾಯಮ್ಮ ತಿರುಗಿ ನೋಡಲಿಲ್ಲ. ಮೋರಿ ಒಣಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ಬಾಗಿಸಿ ಒಳಹೊಕ್ಕರು. ನಾನು ಮೋರಿಯ ಬಾಯಲ್ಲಿ ನಿಂತು ಫೋನಿನ ಟಾರ್ಚು ಹಿಡಿದೆ.

ಅವರು ಅರ್ಧ ದಾರಿಯಲ್ಲಿದ್ದಾಗ ಮೇಲೆ ನರಸೀಪುರದ ಬಸ್ಸು ಬಂತು. ಮೋರಿಯೆಲ್ಲ ಅದುರಿ, ಸಂದಿಯಿಂದ ಮಣ್ಣು ಉದುರಿತು. ಮರಿತಾಯಮ್ಮ ಅಲ್ಲೇ ನಿಂತರು. ಚೊಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಅಂಗೈಗಳನ್ನು ತಲೆಯ ಮೇಲಿನ ಕಲ್ಲಿಗೆ ಆನಿಸಿ, ಬಸ್ಸಿನ ನಡುಕ ನಿಲ್ಲುವವರೆಗೂ ಹಾಗೆಯೇ ಇದ್ದರು.