ಗಿಡ್ಡ ಹಗ್ಗ

ಓಡಿಹೋಗುವ ದೋಣಿಗೆ ನಾವಿಕನೊಬ್ಬ ಸಿಕ್ಕರೆ ಅವನಿಂದ ಖರ್ಚಿನ ಪಾಲು ಕೇಳಬಾರದು. ಫ್ರೆಂಚ್ ಗಯಾನಾದ ಕೈದಿಗಳಲ್ಲಿ ನಡೆದುಬಂದ ರೂಢಿ ಅದು. ಫ್ರಾನ್ಸಿನಿಂದ ತಂದು ಸುರಿದ ನಮ್ಮಲ್ಲಿ ಕಳ್ಳರು, ಕೊಲೆಗಡುಕರು ಬೇಕಾದಷ್ಟಿದ್ದರು. ಕಡಲು ಗೊತ್ತಿದ್ದವರು ಕಡಿಮೆ. ನಮ್ಮೊಡನಿದ್ದ ಕೈದಿ ಡೆಲ್ಮೋಟ್ ತಾನು ಮೀನುಗಾರರ ಮಗ, ಹಾಯಿ ಹಿಡಿದೇ ಬೆಳೆದವನು ಎಂದ. ನಾನೂ ಕಾರ್ಸಿಕಾದ ಸಾಂಟೂಚಿಯೂ ನಂಬಿದೆವು. ದೋಣಿ, ಹಿಟ್ಟು, ನೀರಿನ ಪೀಪಾಯಿ ನಮ್ಮದು, ದಾಟಿಸುವುದು ಅವನದು. ದಾಟಿದರೆ ಬಿಡುಗಡೆ, ಸಿಕ್ಕಿಬಿದ್ದರೆ ಸೇಂಟ್ ಜೋಸೆಫ್ ದ್ವೀಪದ ಒಂಟಿಕೋಣೆ.

ಕತ್ತಲಾದ ಮೇಲೆ ಕಡಲಿನ ಇಳಿತದ ಜೊತೆ ಮರೋನಿ ನದಿಯಲ್ಲಿ ತೇಲಿ ಬಂದೆವು. ಬೆಳಗಾಗುವಾಗ ಉಬ್ಬರ ಬಂದು ನದಿ ತುಂಬಿತ್ತು. ಹಗಲು ಅಡಗಿರಲು ಡೆಲ್ಮೋಟ್ ದೋಣಿಯನ್ನು ನೀರಂಚಿನಲ್ಲಿ ಬೇರೂರಿದ ಕಾಂಡ್ಲಾ ಮರಗಳೊಳಗೆ ನುಗ್ಗಿಸಿ ಹಿಂದೂ ಮುಂದೂ ಕೊಂಬೆಗೆ ಬಿಗಿದು ಕಟ್ಟಿದ. ಇನ್ನು ಅಲ್ಲಾಡುವುದಿಲ್ಲ, ಮಲಗಿ ಎಂದ. ನಾವು ಮರದ ಬೇರುಗಳ ಮೇಲೆ ಒರಗಿದೆವು.

ಎಚ್ಚರವಾದಾಗ ನೀರು ಇಳಿದಿತ್ತು. ದೋಣಿ ಹಗ್ಗದಲ್ಲಿ ನೇತುಬಿದ್ದು ವಾಲಿತ್ತು. ಕೆಳಗೆ ಕೆಸರಿನಲ್ಲಿ ಪೀಪಾಯಿ. ಬಿರಡೆ ಕಿತ್ತುಬಂದು ಖಾಲಿಯಾಗಿತ್ತು.

ನೀರಿನ ಜೊತೆ ದೋಣಿಯೂ ಇಳಿಯುವಂತೆ ಹಗ್ಗ ಸಡಿಲ ಬಿಡಬೇಕೆಂದು ಕಡಲತಡಿಯ ಮಕ್ಕಳಿಗೂ ಗೊತ್ತಂತೆ. ಸಾಂಟೂಚಿ ಚಾಕು ತೆಗೆದ.

“ಏನಪ್ಪಾ ಕಪ್ತಾನ, ನಿಮ್ಮೂರ ಸಮುದ್ರದಲ್ಲಿ ನೀರು ಇಳಿಯೋದೇ ಇಲ್ವಾ?”

“ಕಾಲುವೇಲಿ ಇಳಿಯಲ್ಲ,” ಅಂದ ಡೆಲ್ಮೋಟ್.

ಉತ್ತರ ಫ್ರಾನ್ಸಿನ ಕಾಲುವೆಗಳಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದವನಂತೆ. ಕಡಲು ಕಂಡದ್ದು ಕೈದಿಗಳ ಹಡಗು ಹತ್ತಿದ ದಿನವೇ. ಪಾಲು ಕೊಡಲು ಅವನ ಬಳಿ ಏನೂ ಇರಲಿಲ್ಲ, ಅದಕ್ಕೇ ನಾವಿಕನಾಗಿದ್ದ.

ನಾನು ಸಾಂಟೂಚಿಯ ಕೈ ಹಿಡಿದೆ. ಕರುಣೆಯಿಂದಲ್ಲ. ನೀರಿಗಾಗಿ ಮತ್ತೆ ಮೇಲಕ್ಕೆ, ಜೈಲಿನ ದಿಕ್ಕಿಗೇ ಹುಟ್ಟು ಹಾಕಬೇಕಿತ್ತು. ಅದಕ್ಕೆ ಮೂರನೆಯವನು ಬೇಕಿತ್ತು.

ಸಂಜೆಯ ಉಬ್ಬರ ಹಿಡಿದು ಸಿಹಿನೀರಿನ ತೊರೆ ಮುಟ್ಟಿದೆವು. ಡೆಲ್ಮೋಟ್ ದೋಣಿ ಕಟ್ಟಿದ. ಈ ಸಲ ಹಗ್ಗವನ್ನು ಉದ್ದಕ್ಕೆ ಬಿಟ್ಟಿದ್ದ. ಪೀಪಾಯಿ ತುಂಬಿಸಿಕೊಂಡು ಬಂದು, ಸೊಂಟದ ಮಟ್ಟದ ನೀರಿನಲ್ಲಿ ನಿಂತು ನನ್ನ ಕೈಗೆತ್ತಿಕೊಟ್ಟ. ಸಾಂಟೂಚಿ ಹಗ್ಗ ಕತ್ತರಿಸಿದ. ಅಷ್ಟರಲ್ಲಿ ಇಳಿತ ಶುರುವಾಗಿತ್ತು, ದೋಣಿ ತಾನಾಗಿಯೇ ಹೊರಟಿತು. ನೀರಿನಲ್ಲೇ ಉಳಿದ ಡೆಲ್ಮೋಟ್ ಕೂಗಲಿಲ್ಲ. ಕೂಗಿದ್ದರೆ ಕಾವಲಿನವರಿಗೆ ಕೇಳಿಸುತ್ತಿತ್ತು.

ನದಿ ಕಡಲು ಸೇರುವಲ್ಲಿ ಹಾಯಿ ಎತ್ತಿದೆವು. ಅದನ್ನು ಇಳಿಸುವುದು ಇಬ್ಬರಿಗೂ ಗೊತ್ತಿರಲಿಲ್ಲ. ಅಲೆಗಳು ದೋಣಿಯನ್ನು ಅಡ್ಡ ತಿರುಗಿಸಿ ಕೆಸರುದಿಬ್ಬಕ್ಕೆ ಎಸೆದವು. ಕಾವಲಿನ ದೋಣಿ ನಮ್ಮನ್ನು ಎತ್ತಿಕೊಳ್ಳುವಾಗ ಪೀಪಾಯಿಯಲ್ಲಿ ನೀರು ಹಾಗೇ ಇತ್ತು.

ಸೇಂಟ್ ಜೋಸೆಫಿನಲ್ಲಿ ಸ್ನಾನಕ್ಕೆ ಬಿಟ್ಟಾಗ ಡೆಲ್ಮೋಟ್ ಸಿಕ್ಕ. ಅವನೂ ಆ ತೊರೆಯಿಂದ ದೂರ ಹೋಗುವ ಮೊದಲೇ ಸಿಕ್ಕಿಬಿದ್ದಿದ್ದ. ಬೈಯುತ್ತಾನೆಂದುಕೊಂಡೆ.

“ಹಾಯಿ ಯಾರು ಹಿಡಿದಿದ್ರಿ?” ಎಂದು ಕೇಳಿದ.

ಸಾಂಟೂಚಿ ಎಂದೆ. ಕೆಸರುದಿಬ್ಬಕ್ಕೆ ಬಿದ್ದದ್ದನ್ನೂ ಹೇಳಿದೆ.

ಅವನು ಕಂಕುಳು ತೊಳೆದುಕೊಂಡ.

“ನಾನಿದ್ದಿದ್ರೂ ಅಲ್ಲೇ ಬೀಳ್ತಿದ್ವಿ ಬಿಡು.”