ಕೋಟು ಮೇಸ್ತ್ರಿಯ ತಪ್ಪು

ತಪ್ಪೊಪ್ಪಿಕೊಳ್ಳುವುದರಲ್ಲಿ ಕೋಟು ಮೇಸ್ತ್ರಿಯವರಷ್ಟು ಅವಸರದ ಮನುಷ್ಯನನ್ನು ನಾನು ಕಂಡಿಲ್ಲ. ಮಿಕ್ಕೆಲ್ಲದರಲ್ಲೂ ಅವರು ಮಹಾ ನಿಧಾನಿ. ಕಾರು ರಿಪೇರಿಗೆ ತಂದ ಗಿರಾಕಿ ದೂರು ಹೇಳಲು ಬಾಯಿ ತೆರೆಯುವ ಮೊದಲೇ "ನನ್ನ ಕೈಯಿಂದಲೇ ಏನೋ ಆಗಿರ್ಬೇಕು, ತಡೀರಿ" ಎಂದುಬಿಡುತ್ತಿದ್ದರು. ಆಮೇಲೆ ನೋಡಿದರೆ ಟ್ಯಾಂಕಿನಲ್ಲಿ ಪೆಟ್ರೋಲೇ ಇರುತ್ತಿರಲಿಲ್ಲ.

ಬೇಸಿಗೆಯ ಸುಡುಬಿಸಿಲಿನಲ್ಲೂ ಮೈಮೇಲಿಂದ ಇಳಿಯದ ಕಂದು ಕೋಟು, ಅದರ ಎಡಜೇಬಿನಲ್ಲಿ ಸ್ಪ್ಯಾನರು, ಒಳಜೇಬಿನಲ್ಲಿ ಕನ್ನಡಕ, ಎದೆಯ ಮೇಲಿನ ಜೇಬಿನಲ್ಲಿ ಪೆನ್ನಿನ ಬದಲು ಹಲ್ಲುಜ್ಜುವ ಹಳೆಯ ಬ್ರಷ್ಷು. ನಲವತ್ತು ವರ್ಷ ಬಾನೆಟ್ಟುಗಳ ಮೇಲೆ ಬಾಗಿ ಬಾಗಿ ದೇಹ ಬಲಕ್ಕೆ ವಾಲಿಕೊಂಡಿತ್ತು. ನಡೆದು ಬರುವಾಗ ನಮ್ಮ ಕಿವಿಯಲ್ಲಿ ಗುಟ್ಟು ಹೇಳಲು ಬರುತ್ತಿದ್ದಾರೇನೋ ಅನ್ನಿಸುತ್ತಿತ್ತು. ಯಾರು ಏನೇ ಹೇಳಲಿ, "ಹಾಗಂತೀರಾ?" ಎನ್ನುವರು. ಅದರಲ್ಲಿ ಸಂಶಯದ ಲೇಶವೂ ಇರುತ್ತಿರಲಿಲ್ಲ, ಕೇಳಿದ್ದನ್ನು ನಂಬಿದೆ ಎಂಬುದಕ್ಕೆ ಅವರು ಕೊಡುತ್ತಿದ್ದ ರಸೀದಿ ಅದು.

ನನಗಿಂತ ಎರಡು ವರ್ಷ ಹಿರಿದಾದ, ಸೋದರಮಾವನಿಂದ ನನ್ನ ಪಾಲಿಗೆ ಬಂದ ಹಳೆಯ ಕಾರೊಂದು ಅವರ ಶೆಡ್ಡಿಗೆ ಸೇರಿತು. ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಅದರ ಕಾರ್ಬುರೇಟರ್ ರಿಪೇರಿಯಾಗದಷ್ಟು ಸವೆದಿತ್ತು. ಬದಲಿಗೆ ಸಿಕ್ಕಿದ್ದು ಮೂರು: ಥಳಥಳಿಸುವ ಹೊಸ ನಕಲು, ನನ್ನ ಭಾವಮೈದುನ ಹೊಗಳಿ ಅಟ್ಟಕ್ಕೇರಿಸಿದ ದೊಡ್ಡ ಗಾತ್ರದ್ದು, ಗುಜರಿಯಲ್ಲಿ ದೊರೆತ ಅದೇ ಮಾದರಿಯ ಹಳೆಯದು. ಮೂರನ್ನೂ ಬೆಂಚಿನ ಮೇಲೆ ಸಾಲಾಗಿಟ್ಟು, ಅಳೆದು, ಬಿಚ್ಚಿ, ಬೆಳಕಿಗೆ ಹಿಡಿದು ಮೇಸ್ತ್ರಿ ಹನ್ನೊಂದು ದಿನ ಕಳೆದರು.

"ದೊಡ್ಡದು ಹಾಕಿದ್ರೂ ಓಡತ್ತೆ ಸಾರ್. ಆದ್ರೆ ಈ ಎಂಜಿನ್ನಿಗೆ ಅಷ್ಟು ಹಸಿವಿಲ್ಲ, ತುರುಕಿದ್ರೆ ಅಜೀರ್ಣ ಆಗತ್ತೆ" ಎಂದು ಕೊನೆಗೆ ಗುಜರಿಯದನ್ನೇ ಆರಿಸಿದರು. "ಮಗಳಿಗೆ ಗಂಡು ಹುಡುಕುವಾಗಲೂ ಇಷ್ಟು ಯೋಚಿಸಿರಲಿಲ್ಲ ನೋಡಿ." ಕೂರಿಸಿದ ದಿನ ಕಾರು ನಿದ್ದೆ ತಿಳಿದೆದ್ದ ಮಗುವಿನಂತೆ ಲವಲವಿಕೆಯಿಂದ ಓಡಿತು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಒಂದು ಭಾನುವಾರ ಬೆಳಗ್ಗೆ, ಭಾವಮೈದುನನ ಎದುರು ಜಾಣತನ ಮೆರೆಯುವ ಹುಮ್ಮಸ್ಸಿನಲ್ಲಿ, ಕಾರ್ಬುರೇಟರಿನ ಮುಚ್ಚಳ ತೆಗೆದು ಪೆಟ್ರೋಲ್ ಹಾಯುವ ಜೆಟ್ ಎಂಬ ಪುಟ್ಟ ಹಿತ್ತಾಳೆಯ ತುಣುಕನ್ನು ಬಿಚ್ಚಿದೆ. ಅದರ ಸೂಕ್ಷ್ಮ ರಂಧ್ರವನ್ನು ಮೇಸ್ತ್ರಿ ಬಾಯಿಂದ ಊದಿ ಮಾತ್ರ ಶುಚಿಮಾಡುತ್ತಿದ್ದರು. ನಾನು ಹೆಂಡತಿಯ ಹೊಲಿಗೆಸೂಜಿ ತೂರಿಸಿ ಗರಗರ ತಿರುಗಿಸಿದೆ. ರಂಧ್ರ ಕೂದಲೆಳೆಯಷ್ಟು ಅಗಲವಾಯಿತು. ಅಷ್ಟಕ್ಕೇ ಹದ ಕೆಟ್ಟಿತು. ಮರುದಿನ ಕಾರು ಕರಿಹೊಗೆ ಕಾರುತ್ತ ನಡುರಸ್ತೆಯಲ್ಲಿ ನಿಂತಿತು.

ಹಗ್ಗ ಕಟ್ಟಿ ಶೆಡ್ಡಿಗೆ ಎಳೆಸಿದೆ. ಅಲ್ಲಿ ಇನ್ನಿಬ್ಬರು ಗಿರಾಕಿಗಳು ಕೂತಿದ್ದರು. ಮೇಸ್ತ್ರಿ ಕನ್ನಡಕವೇರಿಸಿ ಜೆಟ್ಟಿನ ಮೇಲೆ ಕೆತ್ತಿದ್ದ, ರಂಧ್ರದ ಅಳತೆ ಹೇಳುವ ಅಂಕಿ ನೋಡಿದರು. ಅದು ಸರಿಯಾಗಿಯೇ ಇತ್ತು.

"ನೀವೇನಾದ್ರೂ ಬಿಚ್ಚಿದ್ರಾ ಸಾರ್?"

"ಛೆ ಛೆ, ನಾನ್ಯಾಕೆ ಬಿಚ್ಚಲಿ?"

"ಹಾಗಂತೀರಾ? ಹಾಗಾದ್ರೆ ನಾನು ಆರಿಸಿದ್ದೇ ತಪ್ಪು" ಎಂದು ಆ ಇಬ್ಬರಿಗೂ ಕೇಳುವಂತೆ ಹೇಳಿ, ತಾವೇ ಬೇಡವೆಂದಿದ್ದ ಹೊಸ ನಕಲನ್ನು ಎತ್ತಿಕೊಂಡರು. ಅದನ್ನು ಕೂರಿಸಿದ ಮೇಲೆ, ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ನಾನು ಕಾರು ಹತ್ತಿ ಮನೆಗೆ ಹೋದೆ.

ಅಂದಿನಿಂದ ಅವರು ಆರಿಸುವುದನ್ನೇ ಬಿಟ್ಟರು. "ಯಾವ್ದು ಬೇಕೋ ನೀವೇ ತನ್ನಿ, ಕೂರಿಸ್ಕೊಡ್ತೀನಿ. ಆರಿಸೋ ಕಣ್ಣು ನನಗೀಗ ಇಲ್ಲ" ಎನ್ನತೊಡಗಿದರು. ಅವರ ಒಂದು ಮಾತಿಗಾಗಿ ದೂರದಿಂದ ಹಳೆಯ ಕಾರು ಓಡಿಸಿಕೊಂಡು ಬರುತ್ತಿದ್ದವರು ಬೇರೆ ಶೆಡ್ಡು ಹುಡುಕಿಕೊಂಡರು. ಈ ಸುದ್ದಿ ಆಗಾಗ ನನ್ನ ಕಿವಿಗೂ ಬೀಳುತ್ತಿತ್ತು. ಆದರೂ ಆರು ತಿಂಗಳು ಸುಮ್ಮನಿದ್ದೆ.

ಕೊನೆಗೊಂದು ಮಧ್ಯಾಹ್ನ ಹೋಗಿ, ಸೂಜಿಯನ್ನೂ ಬಿಡದೆ, ಎಲ್ಲವನ್ನೂ ಹೇಳಿದೆ. ಬೋರಲು ಹಾಕಿದ ಡಬ್ಬದ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡ ಮೇಸ್ತ್ರಿ ಮೆಲ್ಲಗೆ ನಕ್ಕರು.

"ನನಗೆ ಸಮಾಧಾನ ಆಗ್ಲಿ ಅಂತ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದೀರಾ?"

"ಅಲ್ಲ ಮೇಸ್ತ್ರಿ, ನಿಜವಾಗ್ಲೂ ನಾನೇ. ಬೇಕಾದ್ರೆ ಆ ಜೆಟ್ಟು ಅಳೆದು ನೋಡಿ."

"ಅದು ಎಂದೋ ಗುಜರಿಗೆ ಹೋಯ್ತು. ಬಿಚ್ಚಿಲ್ಲ ಅಂತ ಅವತ್ತು ನೀವೇ ಅಂದ್ರಲ್ಲ. ನೀವು ಸುಳ್ಳು ಹೇಳೋರಾ ಸಾರ್?"

ಶೆಡ್ಡಿನ ಹಿಂದಿನ ಮನೆಯಲ್ಲಿದ್ದ ತಮ್ಮ ಹೆಂಡತಿಯನ್ನು ಕೂಗಿ ಕರೆದು, "ನೋಡೇ, ಎಂಥ ದೊಡ್ಡ ಮನಸ್ಸು ಇವರದು" ಎಂದರು. ಆಕೆ ಕಣ್ಣಂಚು ಒರೆಸಿಕೊಂಡು ನನಗೊಂದು ಲೋಟ ತಣ್ಣನೆಯ ನೀರು ತಂದುಕೊಟ್ಟರು. ನಾನು ಅದನ್ನು ಕುಡಿದೆ.

ತಪ್ಪನ್ನು ಮೊದಲು ತಮ್ಮಲ್ಲೇ ಹುಡುಕುವ ಇಂಥವರನ್ನು ನಾವು ಸಾತ್ವಿಕರೆಂದು ಕೊಂಡಾಡಿ ಕೈತೊಳೆದುಕೊಳ್ಳುತ್ತೇವೆ. ಅವರ ಸಜ್ಜನಿಕೆಯ ಮರೆಯಲ್ಲಿ ನಮ್ಮಂಥವರು ಎಷ್ಟು ಸಲೀಸಾಗಿ ಅಡಗಿಕೊಳ್ಳಬಹುದೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇಂಥವರೆದುರು ನಿಜ ನುಡಿಯಲು ನಮಗೆ ಸಿಗುವುದು ಒಂದೇ ಒಂದು ಕ್ಷಣ. ಅದು ಕಳೆದ ಮೇಲೆ ಹೇಳಿದ ನಿಜವನ್ನು ಅವರು ನಮ್ಮ ಒಳ್ಳೆಯತನವೆಂದೇ ತಿಳಿದು ಕೈಮುಗಿಯುತ್ತಾರೆ.