ಬೆಂಚೇರಿದ ಹೆಜ್ಜಾರ್ಲೆ

೨೦೧೩ರ ಬೇಸಿಗೆಯಲ್ಲಿ ಕೆನಡಾದ ಬರ್ಲಿಂಗ್ಟನ್ನಿನ ನಿವೃತ್ತ ಎಂಜಿನಿಯರ್ ಮಡಿವಾಳಪ್ಪನವರು ಹೆಂಡತಿ ರುದ್ರವ್ವನವರನ್ನು ಲಂಡನ್ನಿಗೆ ಕರೆದುಕೊಂಡು ಹೋದರು. ಅಲ್ಲಿನ ದೊಡ್ಡ ಪಾರ್ಕುಗಳನ್ನೆಲ್ಲ ನೋಡಿಯೇ ಬರಬೇಕೆಂಬುದು ಅವರ ಹಟವಾಗಿತ್ತು. ಆದರೆ ಮೊದಲ ದಿನವೇ, ಸೇಂಟ್ ಜೇಮ್ಸ್ ಪಾರ್ಕಿನ ಕೆರೆಯ ಹತ್ತಿರ ರುದ್ರವ್ವನವರ ಮೊಣಕಾಲು ಹಿಡಿದುಕೊಂಡಿತು.

"ನೀವು ಅಡ್ಡಾಡಿ ಬರ್ರಿ, ನಾ ಇಲ್ಲೇ ಕುಂದರತೀನಿ" ಎಂದು ಅವರು ಬೆಂಚಿನ ಮೇಲೆ ಕೂತರು.

ಮಡಿವಾಳಪ್ಪನವರು ಹೈಡ್ ಪಾರ್ಕ್ ಸುತ್ತಿ, ರೀಜೆಂಟ್ಸ್ ಪಾರ್ಕಿನ ಗುಲಾಬಿಗಳ ಫೋಟೊ ತೆಗೆದುಕೊಂಡು ಸಂಜೆ ಮರಳಿದರು.

"ಕೆರಿಯಾಗಿನ ಒಂದು ಹೆಜ್ಜಾರ್ಲೆ, ಆ ಪೆಲಿಕನ್ ಹಕ್ಕಿ, ಬಂದು ನನ್ನ ಬಾಜೂಕ ಕುಂತಿತ್ರಿ" ಎಂದರು ರುದ್ರವ್ವ.

"ಅಷ್ಟು ದೊಡ್ಡ ಹಕ್ಕಿ ಬೆಂಚಿನ ಮ್ಯಾಲೆ ಕುಂದರತದೇನು? ನಿದ್ದಿಗಣ್ಣಾಗ ಏನೋ ಕಂಡಿ" ಎಂದು ಅವರು ನಕ್ಕರು.

ರುದ್ರವ್ವ ಮರುದಿನ ಮತ್ತೆ ಅಲ್ಲಿಗೇ ಹೋಗೋಣ ಎಂದರು. ಕ್ಯೂ ಗಾರ್ಡನ್ಸ್ ಎಂಬ ಸಸ್ಯತೋಟಕ್ಕೆ ಹೊರಟಿದ್ದ ಮಡಿವಾಳಪ್ಪನವರು ಗೊಣಗುತ್ತಲೇ ಜೊತೆಗೆ ಬಂದರು. ಮಧ್ಯಾಹ್ನ ಹಕ್ಕಿ ನೀರಿನಿಂದೆದ್ದು ನಿಧಾನವಾಗಿ ನಡೆದು ಬಂದು, ಪಕ್ಕದ ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಮುದುಕನ ಬಳಿ ಕೂತಿತು. ಮುದುಕ ಸ್ವಲ್ಪ ಸರಿದು ಜಾಗ ಕೊಟ್ಟ. ಮಡಿವಾಳಪ್ಪನವರು ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ.

ಊರಿಗೆ ಬಂದಮೇಲೆ, ಹತ್ತಿರದ ಪೋರ್ಟ್ ಕ್ರೆಡಿಟ್‌ನ ಸರೋವರದ ದಂಡೆಯಲ್ಲಿ ವಾಕಿಂಗ್ ಮಾಡುವಾಗ ಗೆಳೆಯರು ಪಾರ್ಕುಗಳ ಬಗ್ಗೆ ಕೇಳಿದರು.

"ಒಂದ್ ಪಾರ್ಕು ಛಂದಾಗಿ ನೋಡಿದಿವ್ರಿ" ಎಂದರು ಮಡಿವಾಳಪ್ಪ.